ನೀಲಿ ಬಾನಿ: ಕುರಿತೊಗಲಿನ ಕೆಳಗೆ

"ಮೇಡಂ, ಈ ಹಳದಿ ಪ್ಲಾಸ್ಟಿಕ್ ಪಟ್ಟಿ ತೆಗೆದು ಸೆಣಬಿನ ಹಗ್ಗ ಕಟ್ಟಬಹುದಾ? ಇನ್ನೇನು ಜನ ಬರೋ ಹೊತ್ತು. ನಮ್ಮದು ಸಾವಿರ ವರ್ಷದ ಹಿಂದಿನ ಹಳ್ಳಿ. ಮಧ್ಯದಲ್ಲಿ ಪ್ಲಾಸ್ಟಿಕ್ ಕಂಡ್ರೆ ಇಡೀ ನೋಟ ಕೆಟ್ಟುಹೋಗುತ್ತೆ."

ಇನ್ಸ್‌ಪೆಕ್ಟರ್ ತೆಕ್ಲಾ ವಿಲ್ಚೆಕ್ ಮೂಗಿಗೆ ಒತ್ತಿಕೊಂಡಿದ್ದ ಕರವಸ್ತ್ರವನ್ನು ತೆಗೆಯಲಿಲ್ಲ. ಬೆಳಗ್ಗೆ ತಿಂದ ಗಿಣ್ಣಿನ ಬನ್ನು ಆಗಲೇ ಗಂಟಲವರೆಗೆ ಬಂದು ನಿಂತಿತ್ತು.

"ಡಾಕ್ಟ್ರೇ, ನಿನ್ನೆ ಇದೇ ಜಾಗದಲ್ಲಿ ಒಬ್ಬ ಮುದುಕಿ ಸತ್ತಿದಾಳೆ."

"ಅದಕ್ಕೇ ಹಗ್ಗ ಅಂದೆ. ನೋಡೋರಿಗೂ ಗೌರವವಾಗಿ ಕಾಣುತ್ತೆ."

ಇವನ ಗೌರವಕ್ಕಿಷ್ಟು ಬೆಂಕಿ ಹಾಕ ಎಂದು ತೆಕ್ಲಾ ಮನಸ್ಸಿನಲ್ಲೇ ಬೈದುಕೊಂಡಳು.

ಓಲ್ಗೆರ್ಡ್ ಚಳಿಗಾಲವಿಡೀ ಪೇಟೆಯಲ್ಲಿ ಹಲ್ಲಿನ ಡಾಕ್ಟರು. ಬೇಸಿಗೆ ಬಂತೆಂದರೆ ಸರೋವರದ ದಂಡೆಯ ಈ ಮರದ ಬೇಲಿಯೊಳಗೆ ಊರಗೌಡ. ಗಡ್ಡಕ್ಕೆ ಜಡೆ, ಸೊಂಟಕ್ಕೆ ಕೊಡಲಿ, ಕೊರಳಲ್ಲಿ ಒಂದು ಕಬ್ಬಿಣದ ಕೀಲಿಕೈ. ರಜೆಯಲ್ಲಿ ಹೆಂಡತಿ ಮಕ್ಕಳ ಸಮೇತ ಬಂದು, ನಾರುಬಟ್ಟೆ ಉಟ್ಟು, ಪೂರ್ವಿಕರ ಹಾಗೆ ಬದುಕಿ ತೋರಿಸುವ ಬಳಗಕ್ಕೆ ಅವನೇ ನಾಯಕ.

ಆ ಬಳಗದ ಮಡಿಯೇ ಮಡಿ. ಆಲೂಗಡ್ಡೆ ಮೈಲಿಗೆ, ಟೊಮೇಟೊ ಮೈಲಿಗೆ, ಜಿಪ್ಪು ಮೈಲಿಗೆ, ಮಿಷನ್ ಹೊಲಿಗೆಯಂತೂ ಮಹಾ ಮೈಲಿಗೆ. ಉಚ್ಚೆಗೆ ಮಾತ್ರ ಮೈಲಿಗೆಯಿಲ್ಲ.

ತೆಕ್ಲಾಳ ಎದುರಿಗಿದ್ದ ಮರದ ಬಾನಿಯಲ್ಲಿ ಇದ್ದದ್ದು ಅದೇ. ವಾರಗಟ್ಟಲೆ ಹುಳಿ ಬರಿಸಿದ ಉಚ್ಚೆ, ಅದರಲ್ಲಿ ಕೊಳೆಹಾಕಿದ ನೀಲಿ ಸೊಪ್ಪು. ಹಿಂದಿನವರು ಬಟ್ಟೆಗೆ ನೀಲಿ ಬಣ್ಣ ಕಟ್ಟುತ್ತಿದ್ದದ್ದು ಹೀಗೇ ಅಂತೆ. ಪ್ರತಿ ಸಂಸಾರವೂ ಬೆಳಗಿನದನ್ನು ಮಡಕೆಯಲ್ಲಿ ಹಿಡಿದಿಟ್ಟು, ಜನ ಬಂದ ಮೇಲೆ ತಂದು ಇಲ್ಲಿ ಸುರಿಯಬೇಕು. ಹೊಸದಾಗಿ ಸೇರಿದವರು ಬಳಗಕ್ಕೆ ಒಪ್ಪಿಸುವ ಮೊದಲ ಕಾಣಿಕೆಯೂ ಇದೇ. ಪೊಲೀಸರು ಮುಚ್ಚಳ ತೆಗೆಸಿದ್ದರಿಂದ ಈಗ ಕಾಣುತ್ತಿದ್ದದ್ದು ತಾಮ್ರಬಣ್ಣದ ನೊರೆ, ನೊರೆಯ ಮೇಲೆ ನೊಣ.

ನಿನ್ನೆ ಸಂಜೆ ಈ ಬಾನಿಯ ಪಕ್ಕದ ಹುಲ್ಲುಹಾಸಿನಲ್ಲಿ, ಕುರಿತೊಗಲಿನ ಕೆಳಗೆ, ಬಳಗದ ಹಿರಿಯಳಾದ ಬ್ರೋನ್ಯಾಜ್ಜಿಯ ಹೆಣ ಸಿಕ್ಕಿತ್ತು. ಬಾನಿಯೊಳಗೆ ಅವಳ ಮುಖ ಅದುಮಿ ಕೊಂದವಳೆಂದು ಕಿಂಗಾ ಎಂಬವಳನ್ನು ಲಾಕಪ್ಪಿಗೆ ಹಾಕಿಯಾಗಿತ್ತು.

ಆ ಕಿಂಗಾ ಈಗ ಮಹಜರಿಗೆಂದು ಬಂದು, ಬೇಲಿಯಾಚೆಯ ಪೊಲೀಸ್ ಜೀಪಿನಲ್ಲಿ ಬೇಡಿ ಹಾಕಿಸಿಕೊಂಡು ಕೂತಿದ್ದಳು. ಜೀಪಿನ ಹತ್ತಿರಕ್ಕೂ ಬಿಡದೆ ನಿಲ್ಲಿಸಿದ್ದರಿಂದ ಅವಳ ಗಂಡ ಸೆವೆರಿನ್ ಮಗಳು ಮೆಲಾಳನ್ನು ಎತ್ತಿಕೊಂಡು ದೂರದ ಮರದಡಿಯಲ್ಲಿ ನಿಂತಿದ್ದ. ಬಸ್ ಡ್ರೈವರ್ ಆಸಾಮಿ. ರಾತ್ರಿಯಿಡೀ ಕಣ್ಣು ಮುಚ್ಚಿದಂತಿರಲಿಲ್ಲ.

"ಯಾಕಪ್ಪ ಬಂದು ಸೇರ್ಕೊಂಡ್ರಿ ಈ ಗುಂಪಿಗೆ?" ಎಂದು ತೆಕ್ಲಾ ಬರುವಾಗಲೇ ಅವನನ್ನು ಕೇಳಿದ್ದಳು.

"ಮನೇಲಿ ಮೂರು ಜನ ಮೂರು ಮೂಲೇಲಿ ಫೋನ್ ಹಿಡ್ಕೊಂಡು ಕೂರ್ತಿದ್ವಿ ಮೇಡಂ. ಎಲ್ಲರೂ ಒಟ್ಟಿಗೆ ಏನಾದ್ರೂ ಮಾಡೋಣ ಅಂತ ಕಿಂಗಾನೇ ಹೇಳಿದ್ದು. ಈ ವರ್ಷಾನೇ ಸೇರಿದ್ವಿ. ಅವಳಿಗೆ ಇದು ಬಹಳ ಹಿಡಿಸ್ತು. ಬ್ರೋನ್ಯಾಜ್ಜಿ ಒಪ್ಪಲಿ ಅಂತ ಚಳಿಗಾಲ ಪೂರ್ತಿ ಕೂತು ಲಂಗ ಹೊಲಿದ್ಲು."

ಆ ಲಂಗವೇ ಈಗ ಕುತ್ತಿಗೆಗೆ ಬಂದಿತ್ತು. ಮಡಿ ಕಾಯುವವಳು ಬ್ರೋನ್ಯಾಜ್ಜಿ. ಹೊಸಬರ ಬಟ್ಟೆಯ ಒಳಮೈ ಮಗುಚಿ, ಹೊಲಿಗೆಗೆ ಕಣ್ಣು ತಾಗಿಸಿ ನೋಡುವಳು. ನಿನ್ನೆ ಬೆಳಗ್ಗೆ ಕಿಂಗಾಳ ಲಂಗದ ಅಂಚಿನಲ್ಲಿ ಒಂದು ಗೇಣು ಮಿಷನ್ ಹೊಲಿಗೆ ಸಿಕ್ಕಿತು. ಎಲ್ಲರೆದುರು ಅದನ್ನು ಪರ್ರನೆ ಹರಿದು, "ಇಂಥವಳ ಉಚ್ಚೇನೂ ನಮ್ಮ ಬಾನಿಗೆ ಬೇಡ" ಅಂದಿದ್ದಳಂತೆ. ಕಿಂಗಾ ಅತ್ತದ್ದನ್ನು ಇಡೀ ಬಳಗ ನೋಡಿತ್ತು. ಕೆಲವರು ನಕ್ಕಿದ್ದೂ ನಿಜ.

ಅದಕ್ಕಿಂತ ದೊಡ್ಡ ಕಂಟಕ ಅವಳ ಕೈ. ಬಳಗದಲ್ಲಿ ಎಲ್ಲರ ಬೆರಳೂ ನೀಲಿಯೇ, ಆದರೆ ಮಣಿಕಟ್ಟಿನವರೆಗೆ ಮಾತ್ರ. ಕಿಂಗಾಳ ಎರಡೂ ಕೈ ಮೊಣಕೈಯ ಮೇಲಕ್ಕೂ ಬಣ್ಣ ಕುಡಿದಿದ್ದವು. ಮುದುಕಿಯ ತಲೆಯನ್ನು ಬಾನಿಯೊಳಗೆ ಹಿಡಿದ ಕೈಗಳಲ್ಲದೆ ಇನ್ನೇನು ಎಂದು ಪ್ರಾಸಿಕ್ಯೂಟರ್ ಸಾಹೇಬರು ಅಂದಿದ್ದರು. ಮಧ್ಯಾಹ್ನದೊಳಗೆ ಬೇರೆ ಸಾಕ್ಷಿ ಸಿಗದಿದ್ದರೆ ಪ್ರಾಸಿಕ್ಯೂಟರ್ ಕೊಲೆ ಆರೋಪ ಹೊರಿಸುವುದು ನಿಶ್ಚಯ. ಆಮೇಲೆ ಮೆಲಾ ದೊಡ್ಡವಳಾಗುವುದು ಅಮ್ಮನಿಲ್ಲದ ಮನೆಯಲ್ಲಿ.

ಕಿಂಗಾ ಮಾತ್ರ ರಾತ್ರಿಯಿಂದ ಒಂದೇ ಮಾತು ಹೇಳುತ್ತಿದ್ದಳು. "ನಾನು ಹೋದಾಗಲೇ ಅಜ್ಜಿ ಬಾನಿಯೊಳಗೆ ಮುಖ ಅಡಿಯಾಗಿ ಬಿದ್ದಿದ್ರು. ಕೈ ಹಾಕಿ ಎಳೆದು ಹುಲ್ಲಿನ ಮೇಲೆ ಮಲಗಿಸ್ದೆ. ಆಂಬುಲೆನ್ಸಿಗೆ ಫೋನ್ ಮಾಡೋಣ ಅಂದ್ರೆ ಎಲ್ಲರ ಫೋನೂ ಡಾಕ್ಟ್ರು ಬೀಗ ಹಾಕಿಟ್ಟ ಪೆಟ್ಟಿಗೇಲಿ. ಡಾಕ್ಟ್ರ ಹತ್ರ ಓಡ್ದೆ. ಅವರು ಬಂದು ಕತ್ತು ಮುಟ್ಟಿ ನೋಡಿ, ಸತ್ತಿದಾರೆ, ನೀನು ಗುಡಾರಕ್ಕೆ ಹೋಗಿ ಸುಮ್ನಿರು ಅಂದ್ರು. ನಾನು ಮಗಳನ್ನ ತಬ್ಬಿಕೊಂಡು ಸಂಜೆತನಕ ಗುಡಾರದಲ್ಲೇ ಇದ್ದೆ."

ಓಲ್ಗೆರ್ಡ್ ಹೇಳುವುದೇ ಬೇರೆ. ಬಾಗಿಲು ಮುಚ್ಚಿ ಜನರೆಲ್ಲ ಹೋದ ಮೇಲೆಯೇ ತನಗೆ ಗೊತ್ತಾದದ್ದು, ಹೆಣದ ಹತ್ತಿರ ಕೂಡ ತಾನು ಸುಳಿಯಲಿಲ್ಲ, ಕಿಂಗಾ ತನ್ನನ್ನು ಕರೆದದ್ದೆಲ್ಲ ಕಟ್ಟುಕಥೆ.

ಇಬ್ಬರಲ್ಲಿ ಒಬ್ಬರು ಸುಳ್ಳು. ತೆಕ್ಲಾಳಿಗೆ ಕಿಂಗಾಳ ಕಣ್ಣಿನ ಮೇಲೆ ನಂಬಿಕೆ ಬಂದಿತ್ತು. ಕಣ್ಣಿನ ಮೇಲಿನ ನಂಬಿಕೆಯನ್ನು ಪ್ರಾಸಿಕ್ಯೂಟರ್ ಮುಂದೆ ಇಡಲಾದೀತೇ.

"ಡಾಕ್ಟ್ರೇ, ಅಜ್ಜಿ ಕನ್ನಡಕ ಎಲ್ಲಿ?"

ಓಲ್ಗೆರ್ಡ್ ಹುಬ್ಬೇರಿಸಿದ. "ಕನ್ನಡಕಾನಾ?"

"ಗುರುತಿನ ಚೀಟೀಲಿ ಸೋಡಾ ಬಾಟ್ಲಿ ತಳದ ಹಾಗಿರೋ ಕನ್ನಡಕ ಹಾಕ್ಕೊಂಡಿದಾಳೆ. ಅದಿಲ್ದೆ ಮಿಷನ್ ಹೊಲಿಗೆ ಯಾವುದು, ಕೈ ಹೊಲಿಗೆ ಯಾವುದು ಅಂತ ಕಾಣೋದು ಹೇಗೆ? ಹೆಣದ ಮೇಲೆ ಇರಲಿಲ್ಲ. ಹುಲ್ಲಲ್ಲೂ ಇಲ್ಲ."

"ಓ, ಅದಾ. ಪೆಟ್ಟಿಗೇಲಿರುತ್ತೆ. ಬಾಗಿಲು ತೆರೆಯೋಕೆ ಮುಂಚೆ ಎಲ್ಲರೂ ಈ ಕಾಲದ ಸಾಮಾನು ತಂದು ಪೆಟ್ಟಿಗೆಗೆ ಹಾಕಬೇಕು. ಫೋನು, ವಾಚು, ಸಿಗರೇಟು, ಕನ್ನಡಕ. ಆಮೇಲೆ ಬೀಗ. ಸಂಜೆ ನಾನೇ ತೆಗೆಯೋದು. ನಿಯಮ ಅಂದ್ರೆ ನಿಯಮ, ಅಜ್ಜಿಗೂ ಬಿಡೋ ಹಾಗಿಲ್ಲ."

"ಅಜ್ಜಿ ನಿನ್ನೆ ಯಾವಾಗ ಹಾಕಿದ್ಲು?"

"ಬೆಳಗ್ಗೇನೇ, ಎಲ್ಲರ ಜೊತೆ. ನನ್ನ ಕೈಗೇ ಕೊಟ್ಳು."

"ತೆಗೀರಿ ಪೆಟ್ಟಿಗೆ."

ಓಕ್ ಮರದ ಪೆಟ್ಟಿಗೆ ನಾಯಕನ ಗುಡಾರದಲ್ಲಿತ್ತು. ದಾರಿಯಲ್ಲಿ ಒಂದು ಸಂಸಾರ ಒಲೆಯ ಸುತ್ತ ಕೂತು ಗಂಜಿ ಉಣ್ಣುತ್ತಿತ್ತು. ಮಕ್ಕಳು ಮರದ ಚಮಚ ನೆಕ್ಕುತ್ತ ನಗುತ್ತಿದ್ದವು. ನಿನ್ನೆ ಸತ್ತವಳ ಮರದ ಬಟ್ಟಲೂ ಅಲ್ಲೇ ಬೋರಲು ಬಿದ್ದಿತ್ತು. "ಇವತ್ತು ಟೀವಿಯವರು ಮತ್ತೆ ಬರ್ತಾರಾ?" ಎಂದು ಒಬ್ಬ ಹೆಂಗಸು ನಾಯಕನನ್ನು ಕೇಳಿದಳು. ಅತ್ತು ಕೆಂಪಾದ ಒಂದು ಕಣ್ಣೂ ಅಲ್ಲಿರಲಿಲ್ಲ. ಬಾನಿಯ ನಾತ ಇಲ್ಲಿಗೆ ಬರದಿದ್ದರೂ ತೆಕ್ಲಾ ಕರವಸ್ತ್ರವನ್ನು ಮೂಗಿಗೆ ಇನ್ನಷ್ಟು ಒತ್ತಿಕೊಂಡಳು.

ಓಲ್ಗೆರ್ಡ್ ಕೊರಳಿನ ಕೀಲಿಕೈ ತೆಗೆದು ಬೀಗ ಬಿಚ್ಚಿದ. ಪೆಟ್ಟಿಗೆ ಖಾಲಿಯಾಗಿತ್ತು; ನಿನ್ನೆ ಸಂಜೆ ಎಲ್ಲರೂ ತಂತಮ್ಮ ಸಾಮಾನು ಒಯ್ದಿದ್ದರು. ತಳದಲ್ಲಿ ಉಳಿದದ್ದು ಒಂದು ಕನ್ನಡಕ ಮಾತ್ರ, ಕಡ್ಡಿಗಳನ್ನು ಅಂದವಾಗಿ ಮಡಿಸಿ ಬಟ್ಟೆಯ ಚೂರಿನಲ್ಲಿ ಸುತ್ತಿದ್ದು.

"ನೋಡಿ, ಹೇಳಲಿಲ್ವಾ" ಅಂದ.

ತೆಕ್ಲಾ ಕೈಗವಸು ಹಾಕಿಕೊಂಡು ಬಟ್ಟೆ ಬಿಡಿಸಿದಳು. ಗಾಜಿನ ಅಂಚಿನುದ್ದಕ್ಕೂ ನೀಲಿ ಕೊಳೆ ಒಣಗಿ ಹಕ್ಕಳೆಗಟ್ಟಿತ್ತು. ಮೂಗಿನ ಮೇಲೆ ಕೂರುವ ಕಮಾನಿಗೆ ಸೊಪ್ಪಿನ ಚೂರೊಂದು ಅಂಟಿತ್ತು. ಮೂಗಿಗೆ ಹಿಡಿಯುವ ಅಗತ್ಯವೇ ಬೀಳಲಿಲ್ಲ, ನಾತ ತಾನಾಗಿಯೇ ಬಂತು.

"ಡಾಕ್ಟ್ರೇ, ಬಾನಿ ಮುಚ್ಚಳ ತೆಗೆಯೋದು ಯಾವಾಗ?"

"ಜನ ಬಂದ ಮೇಲೆ. ನಾತಕ್ಕೆ..." ಎಂದವನು ಅಲ್ಲೇ ನಿಂತ.

"ಬೆಳಗ್ಗೆ, ಮುಚ್ಚಳ ತೆಗೆಯೋಕೆ ಮುಂಚೆ, ನಿಮ್ಮ ಕೈಗೇ ಕೊಟ್ಟ ಕನ್ನಡಕ. ಬೀಗ ಹಾಕಿದ ಪೆಟ್ಟಿಗೆ. ಬಾನಿ ನೀರು ಇದಕ್ಕೆ ಮೆತ್ತಿದ್ದು ಹೇಗೆ?"

"ಅವಳು ಮಧ್ಯದಲ್ಲಿ ಬಂದು ಇಸ್ಕೊಂಡಿರಬಹುದು."

"ಇಸ್ಕೊಂಡ್ಲು ಅಂತಾನೇ ಇಟ್ಕೊಳ್ಳಿ. ಬಾನಿಗೆ ಬಿದ್ದ ಮೇಲೆ ತಾನೇ ಎದ್ದು ಬಂದು, ಒರೆಸಿ, ಮಡಿಸಿ, ಬಟ್ಟೆ ಸುತ್ತಿ ಪೆಟ್ಟಿಗೆಗೆ ಇಟ್ಟು, ಕೀಲಿಕೈ ನಿಮ್ಮ ಕೊರಳಿಗೆ ಹಾಕಿ ಹೋಗಿ ಮಲಗಿ ಸತ್ತಳಾ?"

ಓಲ್ಗೆರ್ಡ್‌ನ ಕೈ ತಾನಾಗಿಯೇ ಕೊರಳಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಈ ದೇಶದಲ್ಲೂ ಇದ್ದಾರೆ.

"ಕಿಂಗಾ ಹೇಳಿದ್ದು ನಿಜ," ತೆಕ್ಲಾ ಒಂದು ಹೆಜ್ಜೆ ಮುಂದಿಟ್ಟಳು. "ಅವಳು ಬಂದು ಕರೆದ್ಲು. ನೀವು ಹೋದ್ರಿ. ಮುಖದ ಮೇಲಿಂದ ಕನ್ನಡಕ ತೆಗೆದ್ರಿ. ಯಾಕೆ?"

ಅವನು ಪೆಟ್ಟಿಗೆಯ ಅಂಚಿನ ಮೇಲೆ ಕೂತ. ಗಡ್ಡದ ಜಡೆಯನ್ನು ತಿರುವತೊಡಗಿದ.

"ಹೊಳೀತಿತ್ತು," ಅಂದ ಕೊನೆಗೆ.

"ಏನು?"

"ಗಾಜು. ಬಿಸಿಲಿಗೆ ಹೊಳೀತಿತ್ತು. ಆಚೆ ಬದೀಲಿ ಟೀವಿಯವರು ಕಮ್ಮಾರನ ಒಲೆ ಚಿತ್ರ ತೆಗೀತಿದ್ರು, ಇನ್ನೇನು ಬಾನಿ ಹತ್ರ ಬರೋರು. ಹತ್ತನೇ ಶತಮಾನದ ಹೆಂಗಸಿನ ಮುಖದ ಮೇಲೆ ಕನ್ನಡಕ... ಅಭ್ಯಾಸ ಮೇಡಂ. ಕೈ ತಾನಾಗೇ ಹೋಯ್ತು."

"ಆಂಬುಲೆನ್ಸಿಗೆ ಫೋನ್ ಮಾಡೋಕೆ ಕೈ ಹೋಗಲಿಲ್ಲ."

"ಸತ್ತು ಹೋಗಿದ್ಲಲ್ಲ! ಸತ್ತವಳಿಗೆ ಆಂಬುಲೆನ್ಸ್ ಯಾಕೆ? ಸೈರನ್ನು, ಕೆಂಪು ದೀಪ, ಪ್ಲಾಸ್ಟಿಕ್ ಸ್ಟ್ರೆಚರ್ರು. ವರ್ಷವಿಡೀ ಇಷ್ಟು ಸಂಸಾರಗಳು ಕಷ್ಟಪಟ್ಟು ಕಟ್ಟಿದ್ದು. ಸಂಜೆ ಬಾಗಿಲು ಮುಚ್ಚಿದ ಮೇಲೆ ಹೇಳಿದ್ರಾಯ್ತು ಅಂತ ತೊಗಲು ಹೊದಿಸಿದೆ. ಬ್ರೋನ್ಯಾ ಇದ್ದಿದ್ರೆ ಅವಳೂ ಅದನ್ನೇ ಹೇಳ್ತಿದ್ಲು."

"ಜನ ಕೇಳಲಿಲ್ವಾ ಯಾರು ಮಲಗಿರೋದು ಅಂತ?"

"ಕೇಳಿದ್ರು. ಬಣ್ಣ ಹಾಕಿ ದಣಿದು ನಿದ್ದೆ ಮಾಡ್ತಿದಾಳೆ ಅಂದ್ವಿ. ಕೆಲವರು ಫೋಟೋನೂ ತೆಗೆದ್ಕೊಂಡ್ರು."

ಥೂ ಎಂಬ ಶಬ್ದ ತೆಕ್ಲಾಳ ಬಾಯಿಂದ ಹೊರಟೇಬಿಟ್ಟಿತು. ಕಳ್ಳರನ್ನು ಕಂಡಿದ್ದಳು, ಕುಡಿದು ಹೆಂಡತಿಯ ತಲೆ ಒಡೆದವರನ್ನು ಕಂಡಿದ್ದಳು. ಅವರೆಲ್ಲ ಕಡೆಗೆ ನೆಲ ನೋಡುತ್ತಿದ್ದರು. ಇವನು ತೆಕ್ಲಾಳ ಮುಖ ನೋಡಿಯೇ ಶತಮಾನದ ಲೆಕ್ಕ ಒಪ್ಪಿಸುತ್ತಿದ್ದ.

ಅಷ್ಟರಲ್ಲಿ ಅವಳ ಫೋನು ಗುನುಗಿತು. ಶವಾಗಾರದಿಂದ ಡಾಕ್ಟರ್ ಗಾವ್ಲಿಕ್.

"ಏನಮ್ಮ ತೆಕ್ಲಾ, ಊಟ ಆಯ್ತಾ?"

"ಇವತ್ತು ಊಟದ ಸುದ್ದಿ ಎತ್ತಬೇಡಿ ಸಾರ್. ಹೇಳಿ."

"ನಿಮ್ಮಜ್ಜಿ ಬಾನೀಲಿ ಮುಳುಗಿ ಸತ್ತಿಲ್ಲ. ಬಾಯಲ್ಲಿ ಒಂದಿಷ್ಟು ಗಲೀಜಿದೆ, ಶ್ವಾಸಕೋಶಕ್ಕೆ ಇಳಿದಿಲ್ಲ. ಹಣೇಲಿ ಪೆಟ್ಟಿದೆ, ಮಂಪರು ಬರೋವಷ್ಟು. ಬಿದ್ದದ್ದೋ ಯಾರಾದ್ರೂ ಕೊಟ್ಟದ್ದೋ ಈಗಲೇ ಹೇಳಲಾರೆ. ಆದ್ರೆ ಅದರಿಂದ್ಲೂ ಸತ್ತಿಲ್ಲ."

"ಮತ್ತೆ?"

"ಉಸಿರುಕಟ್ಟಿ. ಶ್ವಾಸನಾಳದ ತುಂಬ ಕುರಿಕೂದಲು ಕಣಮ್ಮ. ಸತ್ತವರು ಉಸಿರೆಳೆಯಲ್ಲ. ತೊಗಲಿನ ಕೆಳಗೆ ಬಹಳ ಹೊತ್ತು ಜೀವ ಇತ್ತು. ಸಂಜೆ ಹತ್ತಿರ ಆಗೋ ತನಕ."

ತೆಕ್ಲಾ ಫೋನು ಕೆಳಗಿಳಿಸಿದಳು. ನಿನ್ನೆಯ ಮಧ್ಯಾಹ್ನ ಅವಳ ಕಣ್ಣ ಮುಂದೆ ಬಂದು ನಿಂತಿತು: ಜುಲೈ ಬಿಸಿಲು, ತಮಟೆ, ತುತ್ತೂರಿ, ಹಾಯುತ್ತಿರುವ ಜನ. ಅವರ ಕಾಲ ಬುಡದಲ್ಲಿ ಉಣ್ಣೆಯ ಕತ್ತಲೆ. ಅದರೊಳಗೆ ಬಾಯಿ ತೆರೆದು ಮುಚ್ಚುತ್ತಿರುವ ಮುದುಕಿ.

"ಡಾಕ್ಟ್ರೇ," ಅಂದಳು, ಧ್ವನಿ ಏರಿಸದೆ. "ಅಜ್ಜಿ ಕತ್ತು ಮುಟ್ಟಿ ನೋಡಿದ್ರಲ್ಲ. ನಾಡಿ ಸಿಗಲಿಲ್ವಾ?"

"ಇರಲಿಲ್ಲ. ಆಣೆ ಮಾಡಿ ಹೇಳ್ತೀನಿ."

"ಎಷ್ಟು ಹೊತ್ತು ಹಿಡಿದು ನೋಡಿದ್ರಿ?"

ಓಲ್ಗೆರ್ಡ್ ಕೀಲಿಕೈಯ ಮೇಲೆ ಹೆಬ್ಬೆರಳು ಉಜ್ಜತೊಡಗಿದ.

"ಕನ್ನಡಕ ಒರೆಸಿ, ಮಡಿಸಿ, ಬಟ್ಟೆ ಸುತ್ತೋಕೆ ಹಿಡಿದಷ್ಟು ಹೊತ್ತಾದ್ರೂ? ಬದುಕಿದ್ಲು ಕಣ್ರೀ. ನೀವು ಹೊದಿಸಿದ ತೊಗಲಿನ ಕೂದಲು ಅವಳ ಗಂಟಲಲ್ಲಿ ಸಿಕ್ಕಿದೆ. ನಿಮ್ಮ ಮೇಳ ನೋಡೋಕೆ ಬಂದೋರು ಅವಳ ಪಕ್ಕ ನಿಂತು ಜೇನು ಪಾನಕ ಕುಡಿದಿದಾರೆ."

ಅವನ ಮುಖದ ರಕ್ತವೆಲ್ಲ ಇಳಿದು ಗಡ್ಡವೊಂದೇ ಉಳಿದಂತಾಯಿತು. ಏನೋ ಹೇಳಲು ಬಾಯಿ ತೆರೆದವನು ಪೆಟ್ಟಿಗೆಯೊಳಗೇ ವಾಂತಿ ಮಾಡಿಕೊಂಡ. ತೆಕ್ಲಾಳಿಗೆ ಕನಿಕರ ಹುಟ್ಟಲಿಲ್ಲ.

"ರೋಖ್, ಇವನಿಗೆ ಬೇಡಿ ಹಾಕಿ," ಎಂದು ಕಾನ್‌ಸ್ಟೆಬಲನ್ನು ಕರೆದಳು. "ಕೊಡಲಿ ಬಿಚ್ಚಿಟ್ಕೊಳ್ಳಿ. ಮೊಂಡಾಗಿದ್ರೂ ಕಬ್ಬಿಣಾನೇ."

ಹೊರಗೆ ಬಂದವಳೇ ಪ್ರಾಸಿಕ್ಯೂಟರಿಗೆ ಫೋನು ಮಾಡಿದಳು. ಆತ ಗೊಣಗಿದ. ಹಣೆಯ ಪೆಟ್ಟಿನ ಮಾತೇನು ಎಂದು ಕೇಳಿದ.

"ಅದನ್ನ ಕಂಡುಹಿಡೀತೀನಿ ಸಾರ್. ಆದ್ರೆ ನೀಲಿ ಕೈ ಕೊಂದ ಕೈ ಅಂತ ನೀವು ಹೇಳಿದ್ರಿ. ಅದು ಎಳೆದು ಉಳಿಸಿದ ಕೈ. ಆ ಹೊಲಸಿಗೆ ಮೊಣಕೈ ತನಕ ಕೈ ಹಾಕಿದೋಳು ಇಡೀ ಊರಲ್ಲಿ ಅವಳೊಬ್ಬಳೇ. ಬಿಡ್ತಾ ಇದೀನಿ. ಜವಾಬ್ದಾರಿ ನಂದು."

"ನಿಂದೇ ಅಂತ ಬರ್ಕೊಳ್ತೀನಿ" ಅಂದ ಆತ.

"ಬರ್ಕೊಳ್ಳಿ."

ಜೀಪಿನ ಬಾಗಿಲು ತೆರೆದು ತೆಕ್ಲಾ ತನ್ನ ಕೈಯಾರೆ ಬೇಡಿ ಬಿಚ್ಚಿದಳು. ಕಿಂಗಾ ನಂಬದವಳಂತೆ ಕೂತೇ ಇದ್ದಳು. ಅವಳ ಅಂಗೈ ಹಿಡಿದು ಇಳಿಸಬೇಕಾಯಿತು.

"ಅಜ್ಜಿ ಬಾನೀಲಿ ಮುಳುಗಿ ಸತ್ತಿಲ್ಲ ಕಣಮ್ಮ. ನೀನು ಎಳೆದದ್ದಕ್ಕೇ ಇನ್ನಷ್ಟು ಹೊತ್ತು ಬದುಕಿದ್ಲು. ಹೋಗು, ಮಗಳನ್ನ ಎತ್ಕೋ."

"ಬದುಕಿದ್ರಾ?" ಅಂದಳು ಕಿಂಗಾ.

"ಬದುಕಿದ್ಲು. ಆ ಪಾಪಿ ಸರಿಯಾಗಿ ನೋಡಲಿಲ್ಲ."

ಕಿಂಗಾ ತುಟಿ ಕಚ್ಚಿಕೊಂಡಳು. ಮೆಲಾ ಅಪ್ಪನ ತೋಳಿನಿಂದ ಜಾರಿ ಓಡಿಬಂದು ಅಮ್ಮನ ಸೊಂಟಕ್ಕೆ ಬಿದ್ದಳು. ಸೆವೆರಿನ್ ಇಬ್ಬರನ್ನೂ ಸೇರಿಸಿ ತಬ್ಬಿಕೊಂಡು ಮಗುವಿನಂತೆ ಅತ್ತ. "ಮನೆಗೆ ಹೋಗೋಣ, ಇನ್ನು ಈ ಕಡೆ ತಲೆ ಹಾಕಿ ಮಲಗೋದೂ ಬೇಡ" ಅನ್ನುತ್ತಿದ್ದ. ಬೆಳಗಿನಿಂದ ಕಂಡ ಮನುಷ್ಯರಲ್ಲಿ ಇವರೇ ಮನುಷ್ಯರು ಎಂದು ತೆಕ್ಲಾಳಿಗೆ ತೋರಿತು. ಮೊದಲ ಸಲ ಕರವಸ್ತ್ರವನ್ನು ಜೇಬಿಗಿಟ್ಟಳು.

"ಮೇಡಂ," ರೋಖ್ ಏದುಸಿರು ಬಿಡುತ್ತ ಬಂದ. "ನಿನ್ನೆ ಬಂದ ಜನ ತೆಗೆದ ಫೋಟೋ ಕಳಿಸಿ ಅಂತ ಕೇಳಿದ್ವಲ್ಲ, ಬರ್ತಾ ಇವೆ. ಬಾನಿ ಹತ್ರದ್ದೂ ಇದೆ. ಡಾಕ್ಟ್ರ ಕೇಸು ಇನ್ನೂ ಗಟ್ಟಿ ಆಗಬಹುದು. ನಾನಿನ್ನೂ ಸರಿಯಾಗಿ ನೋಡಿಲ್ಲ."

ತೆಕ್ಲಾ ಅವನ ಫೋನು ಇಸಿದುಕೊಂಡಳು. ಹೊರಗಿನವರು ಯಾರೋ ತೆಗೆದ ಚಿತ್ರ. ಬಾನಿ, ಹುಲ್ಲು, ಹೊದಿಸಿದ ಕುರಿತೊಗಲು, ಅದರ ತುದಿಯಲ್ಲಿ ಎರಡು ಮುದಿ ಪಾದ. ತೊಗಲಿನ ಮೇಲಂಚಿನ ಮೇಲೆ, ಮುಖ ಇರಬೇಕಾದ ಕಡೆಗೆ ಒತ್ತಿ, ಒಬ್ಬ ಹೆಂಗಸು ಕೂತು ಕದಿರಿನಲ್ಲಿ ಉಣ್ಣೆ ನೂಲುತ್ತಿದ್ದಳು. ಲಂಗದ ಅಂಚು ಹರಿದು ಜೋಲುತ್ತಿತ್ತು. ಕೈ ಮೊಣಕೈವರೆಗೆ ನೀಲಿ. ಕ್ಯಾಮೆರಾ ನೋಡಿ ನಗುತ್ತಿದ್ದಳು. ಪಕ್ಕದಲ್ಲಿ ಕಾಲು ಚಾಚಿ ಕೂತ ಪುಟ್ಟ ಹುಡುಗಿ.

ಸಂಜೆತನಕ ಗುಡಾರದಲ್ಲೇ ಇದ್ದೆ ಅಂದಿದ್ದಳು.

ತೆಕ್ಲಾ ಮುಂದಿನ ಚಿತ್ರಕ್ಕೆ ಸರಿಸಿದಳು. ಅದೇ ಜಾಗ, ಅದೇ ನಗು. ತೊಗಲು ಒಂದೆಡೆ ಉಬ್ಬಿ ಮೇಲೆದ್ದಿತ್ತು, ಒಳಗಿನಿಂದ ಯಾರೋ ಮುಷ್ಟಿ ಕೊಟ್ಟ ಹಾಗೆ. ಅದರ ಮೇಲೆ ಒಂದು ನೀಲಿ ಅಂಗೈ ಚಪ್ಪಟೆಯಾಗಿ ಊರಿತ್ತು.

ಮೂಗಿನಲ್ಲಿ ಆ ನಾತ ಮತ್ತೆ ಬಂದು ತುಂಬಿಕೊಂಡಿತು. ಬಾನಿ ಬೇಲಿಯಾಚೆ ಎಲ್ಲೋ ಇತ್ತು.

"ಕಿಂಗಾ," ಅಂದಳು. "ಇದೇನು?"

ಕಿಂಗಾ ಚಿತ್ರ ನೋಡಿದಳು. ನೋಡುತ್ತಲೇ ಇದ್ದಳು. "ಡಾಕ್ಟ್ರು ಕೂರು ಅಂದ್ರು," ಎಂದು ಪಿಸುಗುಟ್ಟಿದಳು. "ಗಾಳಿಗೆ ತೊಗಲು ಹಾರದ ಹಾಗೆ. ಚೆನ್ನಾಗಿ ಕೂತ್ರೆ ಬಳಗದಲ್ಲಿ ಉಳಿಸ್ಕೋತೀನಿ ಅಂದ್ರು. ಅಷ್ಟೇ ಮೇಡಂ. ನಂಗೇನೂ ಗೊತ್ತಾಗಲಿಲ್ಲ."

"ಕಿಂಗಾ?" ಅಂದ ಸೆವೆರಿನ್. ಅವನ ತೋಳು ಹೆಂಡತಿಯ ಹೆಗಲಿನಿಂದ ಕೆಳಗಿಳಿದಿತ್ತು.

ಮೆಲಾ ತುದಿಗಾಲಲ್ಲಿ ನಿಂತು ಫೋನಿನೊಳಗೆ ಇಣುಕಿದಳು. ತನ್ನ ಚಿತ್ರ ಕಂಡು ಅವಳ ಮುಖ ಅರಳಿತು.

"ಇದು ಅಜ್ಜಿ ನನ್ನ ಕಾಲು ಹಿಡ್ಕೊಂಡಾಗ ತೆಗೆದಿದ್ದು. ನಾನು ಅಮ್ಮಂಗೆ ಆಗಲೇ ಹೇಳ್ದೆ."

ತೆಕ್ಲಾ ಮಂಡಿಯೂರಿ ಅವಳ ಮಟ್ಟಕ್ಕೆ ಕೂತಳು. ಕೇಳದಿದ್ದರೆ ಒಳ್ಳೆಯದಿತ್ತು, ಆದರೆ ಕೇಳಲೇಬೇಕಿತ್ತು.

"ಅಮ್ಮ ಏನಂದ್ಲು ಪುಟ್ಟಾ?"

"ಜನ ನೋಡ್ತಿದಾರೆ, ನಗ್ತಾ ಇರು ಅಂದ್ಲು."